ಕೊಡುವುದರ ಬಗ್ಗೆ ಒಂದು ಪ್ರದರ್ಶನ, ನೋಡುವವರೂ ಅದರೊಳಗೆ ಬರಬೇಕು. ಹೇಗೆ ಮಾಡೋದು?

ರಂಗದಹುಚ್ಚು:
ನಾವು ಆರು ಜನ, ಮೈಸೂರಿನಲ್ಲಿ ಹವ್ಯಾಸಕ್ಕೆ ನಾಟಕ ಆಡುವವರು. ಕೊಡುವುದು, ತಗೊಳ್ಳುವುದು ಇದರ ಬಗ್ಗೆ ಬೀದಿಯಲ್ಲಿ ಏನಾದರೂ ಮಾಡಬೇಕು ಅಂತ ಬಹಳ ದಿನದ ಆಸೆ. ಹೋದ ತಿಂಗಳು ಒಂದು ಪಾರ್ಕಿನ ಗೇಟಿನ ಹತ್ತಿರ ಮೇಜು ಹಾಕಿ, ಪುಸ್ತಕ, ಬಾಳೆಹಣ್ಣು, ಸಸಿ ಇಟ್ಟು "ಬೇಕಾದ್ದು ತಗೊಳ್ಳಿ, ಇಷ್ಟವಾದ್ದು ಇಡಿ" ಅಂತ ಬೋರ್ಡ್ ಬರೆದೆವು. ಮೊದಲು ಬಂದವರು ಕೇಳಿದ್ದೇ "ಯಾವ ಪಾರ್ಟಿಯವರಪ್ಪಾ?" ಅಂತ. ಅರ್ಧ ಗಂಟೆಯಲ್ಲಿ ಮೇಜು ಖಾಲಿ. ಒಬ್ಬ ಅಜ್ಜಿ ಮಾತ್ರ ಬಾಳೆಹಣ್ಣು ತಗೊಂಡು, ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ಇಡಲು ಬಂದರು. ನಾವು ಬೇಡ ಅಂದಿದ್ದಕ್ಕೆ ಹಣ್ಣನ್ನೂ ವಾಪಸ್ ಇಟ್ಟು ಹೋದರು. ಅವರ ಮುಖ ಕಣ್ಣ ಮುಂದೆ ಹಾಗೇ ಇದೆ. ಎಲ್ಲಿ ತಪ್ಪಿದೆವು?

ದಾರಿಹೋಕ:
ಆ ಐದು ರೂಪಾಯಿ ನೀವು ತಗೊಳ್ಳಬೇಕಿತ್ತು, ಅಲ್ವಾ. ಕೊಡುವ ಕೆಲಸ ಎಲ್ಲ ನೀವೇ ಇಟ್ಟುಕೊಂಡರೆ ಎದುರಿನವರಿಗೆ ಉಳಿಯುವುದು ಕೈಯೊಡ್ಡುವುದು ಮಾತ್ರ. ತೈವಾನ್ ಮೂಲದ ಕಲಾವಿದ ಲೀ ಮಿಂಗ್‌ವೇ 2009ರಲ್ಲಿ ಫ್ರಾನ್ಸಿನ ಲಿಯಾನ್ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ) ಉದ್ದನೆಯ ಕಲ್ಲಿನ ಮೇಜಿನ ಬಿರುಕಿನ ತುಂಬ ಹೂ ಇಟ್ಟಿದ್ದರು. ಯಾರು ಬೇಕಾದರೂ ಒಂದು ತಗೊಳ್ಳಬಹುದು, ಆದರೆ ಹೋಗುವಾಗ ಅಂದುಕೊಂಡ ದಾರಿ ಬಿಟ್ಟು ಸ್ವಲ್ಪ ಸುತ್ತು ಹಾಕಿ, ಗುರುತಿಲ್ಲದ ಒಬ್ಬರಿಗೆ ಅದನ್ನು ಕೊಡಬೇಕು. ನಿಮ್ಮ ಮೇಜಿನಲ್ಲಿ ಈ ಎರಡನೇ ಕೆಲಸವೇ ಇರಲಿಲ್ಲ.

ಸಾಗರದ ಕಡೆಯವಳು:
ನಮ್ಮ ಕಡೆ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ಬರುತ್ತಾರೆ. ದೀಪ ಆರದ ಹಾಗೆ ಕಾಪಾಡಿಕೊಂಡು ರಾತ್ರಿಯೆಲ್ಲ ಮನೆ ಮನೆಗೆ ನಡೆಯುತ್ತಾರೆ, ಬಾಗಿಲ ಮುಂದೆ ನಿಂತು ಹಾಡುತ್ತಾರೆ. ಅಮ್ಮ ಕದ ತೆಗೆದು ಅವರ ದೀಪದಿಂದ ನಮ್ಮ ಹಣತೆ ಹಚ್ಚಿಕೊಂಡು, ಅವರ ದೀಪಕ್ಕೆ ಎಣ್ಣೆ ಹಾಕುತ್ತಾರೆ. ಆಮೇಲೆ ಅಕ್ಕಿ, ಕಾಯಿ, ದುಡ್ಡು. ಇದರಲ್ಲಿ ಯಾರು ಯಾರಿಗೆ ಕೊಟ್ಟರು ಹೇಳಿ ನೋಡೋಣ? ನಮ್ಮ ಮನೆ ಎಣ್ಣೆಯಲ್ಲಿ ಪಕ್ಕದ ಮನೆಗೆ ಬೆಳಕು ಹೋಗುತ್ತದೆ. ಇನ್ನೊಂದು, ದಯವಿಟ್ಟು ವಿಡಿಯೋ ಮಾಡಬೇಡಿ. ಮೊಬೈಲ್ ಎತ್ತಿದ ಕೂಡಲೇ ತಗೊಳ್ಳುವವರು ತಲೆ ತಗ್ಗಿಸುತ್ತಾರೆ.

ಕತ್ತರಿ:
ಎಲ್ಲಿ ನಿಲ್ಲಿಸಬೇಕು ಅಂತಲೂ ಮೊದಲೇ ಮಾತಾಡಿಕೊಳ್ಳಿ. ಜಪಾನಿನ ಕಲಾವಿದೆ ಯೋಕೊ ಓನೊ 1964ರಲ್ಲಿ ಅಲ್ಲಿನ ಕ್ಯೋಟೊದಲ್ಲಿ ಕತ್ತರಿ ಮುಂದಿಟ್ಟು ಸುಮ್ಮನೆ ಕೂತರು. ಬಂದವರು ಅವರು ತೊಟ್ಟ ಬಟ್ಟೆಯನ್ನೇ ಒಂದೊಂದು ತುಂಡು ಕತ್ತರಿಸಿಕೊಂಡು ಹೋಗಬಹುದಿತ್ತು. ಮರುವರ್ಷ ನ್ಯೂಯಾರ್ಕಿನಲ್ಲಿ ಒಬ್ಬ ಒಳಉಡುಪಿನ ಪಟ್ಟಿಗೇ ಕತ್ತರಿ ಹಾಕಿದ. ಅವರು ಗೊತ್ತಿದ್ದೇ ಕೂತಿದ್ದರು. ನಿಮ್ಮ ತಂಡದ ಹುಡುಗ ಹುಡುಗಿಯರನ್ನು ಹಾಗೆ ಕೂರಿಸಬೇಡಿ.

ರಂಗದಹುಚ್ಚು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಹೀಗೆ ಯೋಚಿಸಿದೆವು. ಸಂತೆಯಲ್ಲಿ ಚಾಪೆ ಹಾಕಿಕೊಂಡು, ಸೂಜಿ, ಬಣ್ಣದ ದಾರ, ಗುಂಡಿ ಇಟ್ಟುಕೊಂಡು ಕೂರುತ್ತೇವೆ. ಹಿಡಿ ಕಿತ್ತ ಚೀಲ, ಹರಿದ ಅಂಗಿ ತಂದರೆ ಹೊಲಿದು ಕೊಡುತ್ತೇವೆ. ಹೊಲಿಸಿಕೊಂಡವರು ಏಳುವ ಮುಂಚೆ ಮುಂದಿನವರಿಗಾಗಿ ಸೂಜಿಗೆ ದಾರ ಪೋಣಿಸಿಡಬೇಕು. ಕಣ್ಣು ಮಂಜಾದ ಹಿರಿಯರು ದಾರದ ತುದಿಗೆ ಗಂಟು ಹಾಕಿಕೊಟ್ಟರೂ ಸಾಕು. ಯಾರಾದರೂ ದುಡ್ಡು ಇಟ್ಟರೆ ಈ ಸಲ ಬೇಡ ಅನ್ನುವುದಿಲ್ಲ, ಅದರಲ್ಲೇ ದಾರ ತರುತ್ತೇವೆ. ಫೋಟೋ, ವಿಡಿಯೋ ಯಾವುದೂ ಇಲ್ಲ. ಸಂಜೆ ಕೊನೆಯವರು ಪೋಣಿಸಿಟ್ಟ ಸೂಜಿ ಉಳಿಯುತ್ತದಲ್ಲ, ಅದನ್ನು ಹಾಗೇ ಮುಂದಿನ ವಾರದ ಮೊದಲನೆಯವರಿಗೆ ಇಡುತ್ತೇವೆ. ಮೈಸೂರಿನವರು ಇದ್ದರೆ ಬನ್ನಿ, ಮನೆಯಲ್ಲಿ ಹಳೇ ಗುಂಡಿ ಇದ್ದರೆ ತನ್ನಿ.