ಹಳೆ ಕ್ಯಾಂಪರ್‌ನ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ಬಂದಿದೆ, ಏನು ಮಾಡೋದು?

ಕೆಎ32_ಕ್ಯಾಂಪರ್:

ನಮಸ್ಕಾರ್ರಿ. ನಮ್ಮದು 2012ರ ಬೊಲೆರೊ ಕ್ಯಾಂಪರ್ ಪಿಕಪ್. ಎಂಜಿನ್ ಇನ್ನೂ ಗಟ್ಟಿ ಇದೆ, ಸುಗ್ಗಿಯಲ್ಲಿ ತೊಗರಿ ಚೀಲ ಹೇರಿಕೊಂಡು ಎಪಿಎಂಸಿಗೆ ಹೋಗೋಕೆ ಯಾವತ್ತೂ ತಕರಾರು ಮಾಡಿಲ್ಲ. ಬಿಳಿ ಬಣ್ಣಕ್ಕೆ ಪಾಲಿಶ್ ಮಾಡಿಸಿದ್ದೇವೆ, ಅದೂ ಚೆನ್ನಾಗೇ ಕಾಣುತ್ತದೆ. ತೊಂದರೆ ಇರೋದು ಹೊರಗಿನ ಕಪ್ಪು ಪ್ಲಾಸ್ಟಿಕ್‌ದು. ಮುಂದಿನ ಬಂಪರ್, ಸೈಡ್ ಮಿರರ್, ಬಾಗಿಲ ಹಿಡಿಕೆ, ವೈಪರ್ ಕೆಳಗಿನ ಜಾಲಿ, ಆಮೇಲೆ ಅಂಗಡಿಯಲ್ಲಿ ಕೊಂಡು ಹಾಕಿಸಿದ ಚಕ್ರದ ಮೇಲಿನ ಪಟ್ಟಿಗಳು, ಎಲ್ಲಾ ಬೂದಿ ಬಣ್ಣಕ್ಕೆ ತಿರುಗಿವೆ. ಬಂಪರ್ ಮೇಲೆ ಬೆರಳು ಎಳೆದರೆ ಬಿಳಿ ಪುಡಿ ಹತ್ತುತ್ತದೆ. ನೀರು ಹೊಡೆದಾಗ ಹೊಸದರ ಹಾಗೆ ಕಪ್ಪಗೆ ಕಾಣುತ್ತದೆ, ಒಣಗಿದ ಕೂಡಲೇ ಮತ್ತೆ ಅದೇ ಕಥೆ.

ವಾಷಿಂಗ್ ಸೆಂಟರ್‌ನಲ್ಲಿ ಏನೋ ಎಣ್ಣೆ ಪಾಲಿಶ್ ಹಚ್ಚಿ ಮಿರಮಿರ ಮಾಡಿ ಕೊಡುತ್ತಾರೆ. ಮುಂದಿನ ಸಲ ತೊಳೆಯುವಷ್ಟರಲ್ಲಿ ಅದು ಹೋಗಿರುತ್ತದೆ, ಅಲ್ಲಿವರೆಗೂ ಧೂಳು ಬೇರೆ ಅಂಟಿಸಿಕೊಂಡು ಓಡಾಡೋದು. ಒಬ್ಬರು ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿ ಅಂತಾರೆ, ಇನ್ನೊಬ್ಬರು ಬೂಟ್ ಪಾಲಿಶ್ ಅಂತಾರೆ, ಪೇಂಟರ್ ಎಲ್ಲಾ ಬಿಚ್ಚಿ ಕಪ್ಪು ಬಣ್ಣ ಹೊಡೆದು ಕೊಡ್ತೀನಿ ಅಂತಾರೆ. ಗಾಡಿ ಮನೆ ಮುಂದೆ ಬಿಸಿಲಲ್ಲೇ ನಿಲ್ಲುತ್ತದೆ, ಶೆಡ್ ಇಲ್ಲ. ಸೇಡಂ ಕಡೆ ಓಡಾಟ ಜಾಸ್ತಿ. ಮಾರುವ ಯೋಚನೆ ಇಲ್ಲ. ಒಂದು ವರ್ಷವಾದರೂ ನಿಲ್ಲುವಂಥದ್ದು, ಮನೆಯಲ್ಲೇ ಮಾಡಿಕೊಳ್ಳುವಂಥದ್ದು ಇದ್ದರೆ ಹೇಳಿ.

ರಿಂಗ್‌ರೋಡ್_ಡೀಟೇಲಿಂಗ್:

ಸರ್, ಸದ್ಯಕ್ಕೆ ಏನನ್ನೂ ಹಚ್ಚಬೇಡಿ. ಬೆಳ್ಳಗೆ ಕಾಣೋದೆಲ್ಲ ಒಂದೇ ರೋಗ ಅಲ್ಲ.

ನೀವು ಸೇಡಂ ಕಡೆ ಓಡಾಡ್ತೀರಿ ಅಂದ್ರಿ. ಸೇಡಂ, ಮಳಖೇಡ, ವಾಡಿ, ಶಹಾಬಾದ್, ಆ ಪಟ್ಟಿಯೆಲ್ಲ ಸುಣ್ಣದ ಕಲ್ಲು, ಸಿಮೆಂಟ್ ಫ್ಯಾಕ್ಟರಿ, ಪರಸಿ ಕಲ್ಲಿನ ಗಣಿ. ಆ ಧೂಳು ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಗೀರಿನೊಳಗೆ ಹೋಗಿ ಕೂರುತ್ತದೆ. ಅದರ ಮೇಲೆ ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟರೆ ನೀರಿನ ಸುಣ್ಣವೂ ಅಲ್ಲೇ ಉಳಿಯುತ್ತದೆ. ಇದಕ್ಕೆ ಬಿಳಿ ವಿನೆಗರ್ ಸಾಕು. ಅರ್ಧ ವಿನೆಗರ್ ಅರ್ಧ ನೀರು ಸೇರಿಸಿ ಬಟ್ಟೆಯಲ್ಲಿ ಒರೆಸಿ, ಎರಡು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಒಣಗಿದ ಮೇಲೂ ಕಪ್ಪಗೇ ಉಳಿದ ಜಾಗ ಇದೆಯಲ್ಲ, ಅಲ್ಲಿ ಪ್ಲಾಸ್ಟಿಕ್ ಇನ್ನೂ ಚೆನ್ನಾಗಿದೆ ಅಂತ ಅರ್ಥ, ಅಲ್ಲಿ ದುಡ್ಡು ಹಾಕೋದು ಬೇಡ. ವಿನೆಗರ್ ಕ್ರೋಮ್ ಮೇಲೆ, ಅಲ್ಯೂಮಿನಿಯಂ ಮೇಲೆ ನಿಲ್ಲಬಾರದು, ಅದೊಂದು ನೋಡಿಕೊಳ್ಳಿ.

ಎರಡನೇದು ಬಿಳಿ ಬಣ್ಣಕ್ಕೆ ಹೊಡೆದ ಪಾಲಿಶ್. ಬಫಿಂಗ್ ಮಾಡುವಾಗ ಪಕ್ಕದ ಪ್ಲಾಸ್ಟಿಕ್ ಮೇಲೆ ಟೇಪ್ ಅಂಟಿಸದೇ ಇದ್ದರೆ ಅಂಚಲ್ಲೆಲ್ಲ ಬಿಳಿ ಗುರುತು ಒಣಗಿ ಕೂತಿರುತ್ತದೆ. ಹಳೆ ಟೂತ್‌ಬ್ರಷ್, ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ), ಸ್ವಲ್ಪ ತಾಳ್ಮೆ ಬೇಕು.

ಇಷ್ಟೆಲ್ಲಾ ಮಾಡಿದ ಮೇಲೂ ಬೂದಿ ಬಣ್ಣ ಉಳಿದರೆ ಅದು ನಿಜವಾದ ಬಿಸಿಲ ಹೊಡೆತ. ಈ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲಿನ್. ಅದಕ್ಕೆ ಕಂಪನಿಯಲ್ಲೇ ಕಾರ್ಬನ್ ಕಪ್ಪು ಬೆರೆಸಿರುತ್ತಾರೆ, ಬಿಸಿಲಿನ ಯುವಿ ಕಿರಣವನ್ನು ಆ ಕಪ್ಪೇ ತಡೆಯೋದು. ಆದರೂ ನಮ್ಮ ಊರಲ್ಲಿ ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ದಿನ ಸಾಕಷ್ಟು ಇರುತ್ತವೆ, ಹತ್ತು ವರ್ಷ ಹೊರಗೇ ನಿಂತರೆ ಮೇಲಿನ ಪದರ ಸತ್ತು ಪುಡಿಯಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಬೆಳಕು ಆ ಬಿರುಕಿಗೆ ಬಿದ್ದು ಚದುರುವುದಕ್ಕೆ ಬೆಳ್ಳಗೆ ಕಾಣೋದು. ನೀರು ಹಾಕಿದಾಗ ಬಿರುಕು ತುಂಬಿಕೊಳ್ಳುತ್ತದೆ, ಅದಕ್ಕೇ ಕಪ್ಪಗೆ ಕಾಣೋದು. ವಾಷಿಂಗ್ ಸೆಂಟರ್‌ನ ಎಣ್ಣೆ ಮಾಡೋದೂ ಅದೇ ಕೆಲಸ, ನೀರಿಗಿಂತ ನಾಲ್ಕು ದಿನ ಜಾಸ್ತಿ ನಿಲ್ಲುತ್ತದೆ ಅಷ್ಟೇ. ಬೂಟ್ ಪಾಲಿಶ್ ಬಗ್ಗೆ ಮಾತೇ ಬೇಡ, ಮೊದಲ ಮಳೆಗೆ ಬಿಳಿ ಬಾಡಿ ಮೇಲೆ ಕಪ್ಪು ಗೆರೆ ಇಳಿಸುತ್ತದೆ.

ವರ್ಷ ನಿಲ್ಲಬೇಕು ಅಂದ್ರೆ ಟ್ರಿಮ್ ಕೋಟಿಂಗ್ ಅಂತ ಬರುತ್ತದಲ್ಲ, ಒಣಗಿ ಗಟ್ಟಿಯಾಗುವಂಥದ್ದು, ಅದೇ ಸರಿ. ಬಾಟಲಿ ಮೇಲೆ ಸುಮ್ನೆ ಶೈನ್ ಅಂತ ಬರೆದಿದ್ದು ಬೇಡ. ಹಚ್ಚಿದ ಮೇಲೆ ಇಂತಿಷ್ಟು ಗಂಟೆ ನೀರು ತಾಗಿಸಬೇಡಿ ಅಂತ ಬರೆದಿರಬೇಕು, ಹಾಗಿದ್ದರೆ ಅದು ಒಣಗಿ ಕೂರುವ ಮಾಲು.

ಜೇವರ್ಗಿ_ಹೊಲದವ:

ಇಷ್ಟು ರೊಕ್ಕ ಯಾಕ್ರಿ. ನಮ್ಮ ಪಿಕಪ್‌ಗೆ ನಾವು ಗಾಣದ ಅಗಸಿ ಎಣ್ಣೆ ಹಚ್ಚುತ್ತೇವೆ. ಹಚ್ಚಿ ಒರೆಸಿ ಬಿಟ್ಟರೆ ಎರಡು ಮೂರು ತಿಂಗಳು ಕಪ್ಪು ಇರುತ್ತದೆ. ಮನೆಯಲ್ಲೇ ಬೆಳೆದ ಅಗಸಿ. ಮೊದಲ ವಾರ ಸ್ವಲ್ಪ ಜಿಗುಟು ಇರುತ್ತದೆ, ಎರೆ ಹೊಲಕ್ಕೆ ಹೋಗಿ ಬಂದರೆ ಮಣ್ಣು ಹಿಡಿದುಕೊಳ್ಳುತ್ತದೆ, ಅದೇನು ದೊಡ್ಡದಲ್ಲ. ಹೊಲಕ್ಕೆ ಹೋಗೋ ಗಾಡಿಗೆ ಮಣ್ಣು ಹತ್ತದೆ ಮತ್ತೇನು ಹತ್ತುತ್ತೆ?

ರಿಂಗ್‌ರೋಡ್_ಡೀಟೇಲಿಂಗ್:

ಅಣ್ಣಾ, ಅಗಸಿ ಎಣ್ಣೆ ಒಪ್ಪುವಂಥ ಮಾತೇ. ಕೊಬ್ಬರಿ ಎಣ್ಣೆ ಒಣಗಲ್ಲ, ಅಗಸಿ ಗಾಳಿಗೆ ಒಣಗಿ ಪದರ ಕಟ್ಟುತ್ತದೆ, ಹಿಂದೆ ಬಾಗಿಲು ಕಿಟಕಿಯ ಕಟ್ಟಿಗೆಗೆ ಹಚ್ಚುತ್ತಿದ್ದದ್ದು ಅದಕ್ಕೇ. ಆದರೆ ಗಾಣದ ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ನಿಮ್ಮ ಜಿಗುಟು ಅದೇ. ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಅಂತ ಕೇಳಿದರೆ ಬೇಗ ಒಣಗುವ ಅಗಸಿ ಎಣ್ಣೆ ಸಿಗುತ್ತದೆ, ಅದನ್ನು ಮಾತ್ರ ಒಗ್ಗರಣೆಗೆ ಬಳಸಬೇಡಿ, ಅದರಲ್ಲಿ ಬೇರೆ ರಾಸಾಯನಿಕ ಸೇರಿರುತ್ತದೆ.

ಇನ್ನೊಂದು ಮುಖ್ಯ ಮಾತು, ಇದನ್ನು ಯಾರೂ ಹೇಳಲ್ಲ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಬಹುದು. ನಮ್ಮ ಬೇಸಿಗೆಯಲ್ಲಂತೂ ಕೇಳೋದೇ ಬೇಡ. ಬಟ್ಟೆಯನ್ನು ಬಯಲಲ್ಲಿ ಬಿಡಿಸಿ ಒಣಹಾಕಿ, ಇಲ್ಲಾ ನೀರಲ್ಲಿ ಮುಳುಗಿಸಿಡಿ. ಗಾಡಿ ಹಿಂದೆ ಖಾಲಿ ಚೀಲದ ರಾಶಿ ಮೇಲೆ ಇಡಲೇಬೇಡಿ.

ಬೀದರ್_ಪೇಂಟರ್:

ಬಣ್ಣ ಹೊಡೆಸುವ ಬಗ್ಗೆ ಯಾರೂ ಬರೆದಿಲ್ಲ, ನಾನು ಹೇಳ್ತೀನಿ. ಇದೇ ನನ್ನ ಕೆಲಸ, ಆದರೂ ಹೇಳೋದು ಇಷ್ಟೇ, ಬಂಪರ್‌ಗೆ ಬಣ್ಣ ಕೊನೆ ದಾರಿ.

ಭಾಗ ಬಿಚ್ಚಿ ಹಿಂದೆ ತಿರುಗಿಸಿ ನೋಡು ತಮ್ಮಾ. ಒಳಗಡೆ ಇಂಗ್ಲಿಷಿನಲ್ಲಿ ಪಿಪಿ (ಅದೇ ಪಾಲಿಪ್ರೊಪಿಲಿನ್) ಅಂತಲೋ, ಪಿಪಿ ಪ್ಲಸ್ ಇಪಿಡಿಎಂ (ಅದಕ್ಕೆ ರಬ್ಬರ್ ಬೆರೆಸಿದ್ದು) ಅಂತಲೋ, ಎಬಿಎಸ್ (ಬೇರೆ ಜಾತಿ ಪ್ಲಾಸ್ಟಿಕ್) ಅಂತಲೋ ಅಚ್ಚು ಒತ್ತಿರುತ್ತಾರೆ. ಎಬಿಎಸ್ ಆದರೆ ಬಣ್ಣ ಹಿಡಿಯುತ್ತದೆ, ಥಿನ್ನರ್ ಜಾಸ್ತಿ ತಿಕ್ಕಬಾರದು ಅಷ್ಟೇ, ಮೇಲ್ಮೈ ಕರಗಿ ಮೆತ್ತಗಾಗುತ್ತದೆ. ಪಿಪಿ ಇದ್ದರೆ ಬಣ್ಣಕ್ಕೂ ಅದಕ್ಕೂ ಆಗಿಬರಲ್ಲ. ಪ್ಲಾಸ್ಟಿಕ್‌ಗೆಂದೇ ಬರುವ ಪ್ರೈಮರ್ ಮೊದಲು ಹೊಡೆಯಲೇಬೇಕು, ಅಡ್ಹೀಶನ್ ಪ್ರೊಮೋಟರ್ ಅಂತ ಕೇಳಿದರೂ ಕೊಡ್ತಾರೆ. ಕಬ್ಬಿಣಕ್ಕೆ ಹೊಡೆಯುವ ಪ್ರೈಮರ್ ಹೊಡೆದು ಮೇಲೆ ಕಪ್ಪು ಸ್ಪ್ರೇ ಹೊಡೆದು ಕೊಟ್ಟರೆ ಆರು ತಿಂಗಳಲ್ಲಿ ಹಾಳೆ ಹಾಳೆಯಾಗಿ ಏಳುತ್ತದೆ. ಆಮೇಲೆ ಅದನ್ನು ಕೆರೆದು ತೆಗೆಯೋದು ಇದ್ದದ್ದಕ್ಕಿಂತ ದೊಡ್ಡ ತಲೆನೋವು.

ಮತ್ತೆ, ನಿನ್ನ ಬಂಪರ್ ಮೇಲೆ ಇಷ್ಟು ದಿನ ಎಣ್ಣೆ ಪಾಲಿಶ್ ಹಚ್ಚಿದ್ದಾರೆ. ಅದರಲ್ಲಿ ಸಿಲಿಕಾನ್ ಇರುತ್ತದೆ. ಅದು ಚೂರು ಉಳಿದರೂ ಬಣ್ಣ ಅಲ್ಲಲ್ಲಿ ಗುಂಡಿ ಗುಂಡಿಯಾಗಿ ಬಿಟ್ಟುಕೊಳ್ಳುತ್ತದೆ. ಎಷ್ಟು ತೊಳೆದೆ ಅನ್ನೋದರ ಮೇಲೇ ಕೆಲಸ ನಿಂತಿದೆ. ಇದು ರಿಂಗ್‌ರೋಡ್‌ನವರು ಹೇಳಿದ ಕೋಟಿಂಗ್‌ಗೂ ಅಷ್ಟೇ ನಿಜ.

ಹೀಟ್ ಗನ್ ಕೆಲಸ ಮಾಡುತ್ತದೆ, ಸುಳ್ಳಲ್ಲ. ಸತ್ತ ಮೇಲ್ಪದರ ಕರಗಿ ಮುಚ್ಚಿಕೊಂಡು ಕಪ್ಪು ಮೇಲೆ ಬರುತ್ತದೆ. ಆದರೆ ಪಿಪಿ ಸುಮಾರು 160 ಡಿಗ್ರಿಗೆ ಕರಗುತ್ತದೆ, ಗನ್ನಿನ ಬಾಯಲ್ಲಿ 500 ಡಿಗ್ರಿ ಇರುತ್ತದೆ. ಒಂದು ಕಡೆ ಕೈ ನಿಂತರೆ ಬಂಪರ್ ಹಪ್ಪಳದ ಹಾಗೆ ಏಳುತ್ತದೆ. ಜಾಲಿಯಂಥ ತೆಳು ಭಾಗಕ್ಕೆ ಹಿಡಿಯಲೇಬೇಡ. ಗಾಜಿನ ಪಕ್ಕದಲ್ಲೂ ಬೇಡ, ಒಂದೇ ಕಡೆ ಬಿಸಿಯಾದರೆ ಗಾಜು ಸೀಳಬಹುದು. ಚಕ್ರದ ಮೇಲಿನ ಪಟ್ಟಿಗೆ ಬೇಕಾದರೆ ಒಂದು ಸಲ ಪ್ರಯೋಗ ಮಾಡು, ಹಾಳಾದರೆ ಅದು ಅಗ್ಗಕ್ಕೆ ಸಿಗುವ ಮಾಲು. ಪ್ರತಿ ವರ್ಷ ಮಾಡೋಕೆ ಆಗಲ್ಲ, ಪ್ಲಾಸ್ಟಿಕ್ ಗಡಸಾಗಿ ಪುಡಿಪುಡಿ ಆಗುತ್ತದೆ. ಮತ್ತೆ ಹೀಟ್ ಮಾಡಿದ ಮೇಲೆ ಅದಕ್ಕೊಂದು ಕೋಟಿಂಗ್ ಹಚ್ಚದಿದ್ದರೆ ಬಿಸಿಲು ಮತ್ತೆ ತಿನ್ನುತ್ತದೆ.

ಬಿಚ್ಚುವ ಮುಂಚೆ ಹೊಸ ಕ್ಲಿಪ್ ತಂದಿಟ್ಟುಕೋ. ಹಳೆ ಕ್ಲಿಪ್ ಮುರಿಯದೆ ಬರಲ್ಲ.

ಶಹಾಪುರ_ಕೆಎ33:

ಎಲ್ಲಾ ಸರಿ, ಆದರೆ ಹಿಡಿಕೆ ಮತ್ತು ಮಿರರ್ ಕವರ್ ಮೇಲೆ ಇಷ್ಟು ಹೊತ್ತು ಕೂರೋದು ಯಾಕೆ? ಬೊಲೆರೊ ಭಾಗ ಎಲ್ಲಾ ಕಡೆ ಸಿಗುತ್ತವೆ. ಹಿಡಿಕೆಗೆ ದಿನಾ ಕೈ ತಾಗುತ್ತದೆ, ಅಲ್ಲಿ ಯಾವ ಕೋಟಿಂಗೂ ನಿಲ್ಲಲ್ಲ. ಅದನ್ನು ಹೊಸದೇ ಹಾಕಿ, ದುಡ್ಡನ್ನು ಬಂಪರ್ ಕಡೆ ತಿರುಗಿಸಿ. ಗುಜರಿಯಲ್ಲಿ ತಗೊಳ್ಳೋದಾದರೆ ಬಿಸಿಲಲ್ಲಿ ಬಿದ್ದಿದ್ದು ಬೇಡ, ಅದೂ ಇಷ್ಟೇ ಬೂದಿ.

ಇನ್ನೊಂದು, ಕಪ್ಪಗಿದ್ದದ್ದನ್ನು ಕಪ್ಪು ಮಾಡೋಕೆ ಆರ್‌ಟಿಓ ಏನೂ ಕೇಳಲ್ಲ. ಆದರೆ ಜೋಶ್‌ನಲ್ಲಿ ಕ್ಯಾಬಿನ್ ಬಣ್ಣವನ್ನೇ ಬದಲಾಯಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಸ್ಪ್ರೇ ಹೊಡೆಯುವಾಗ ರಿಫ್ಲೆಕ್ಟರ್ ಪಟ್ಟಿ ಮೇಲೆ ಬೀಳಿಸಬೇಡಿ, ಎಫ್‌ಸಿ, ಅಂದ್ರೆ ಗಾಡಿಯ ಫಿಟ್‌ನೆಸ್ ತಪಾಸಣೆ ಟೈಮಲ್ಲಿ ಅದನ್ನೂ ನೋಡ್ತಾರೆ.

ಕೆಎ32_ಕ್ಯಾಂಪರ್:

ಎಲ್ಲರಿಗೂ ಧನ್ಯವಾದ. ಬರೆದಿದ್ದು ನೋಡಿ ಇವತ್ತೇ ಬಂಪರ್‌ನ ಒಂದು ಮೂಲೆಗೆ ವಿನೆಗರ್ ಹಾಕಿ ನೋಡಿದೆ. ಕೆಳಗಿನ ಅರ್ಧ ನಿಜವಾಗಲೂ ಕಪ್ಪಗೆ ಬಂತು, ಒಣಗಿದ ಮೇಲೂ ಇದೆ! ಮೇಲಿನ ಅರ್ಧ ಮಾತ್ರ ಹಾಗೇ ಇದೆ. ಅಂದರೆ ಕೋಟಿಂಗ್ ಮೇಲಿನ ಭಾಗಕ್ಕೆ ಮಾತ್ರ ಸಾಕಾ, ಇಲ್ಲಾ ಪೂರ್ತಿ ಹಚ್ಚಬೇಕಾ? ಹಚ್ಚುವ ಕ್ರಮ ಸ್ವಲ್ಪ ಬಿಡಿಸಿ ಹೇಳಿ. ಮತ್ತೆ ಬಾಗಿಲ ರಬ್ಬರ್ ಬೀಡಿಂಗೂ ಒಣಗಿ ಬಿರುಕು ಬಿಡ್ತಿದೆ, ಮಳೆಗಾಲದಲ್ಲಿ ನೀರು ಒಳಗೆ ಬರುತ್ತದೆ. ಅದಕ್ಕೂ ಇದನ್ನೇ ಹಚ್ಚಬಹುದಾ?

ರಿಂಗ್‌ರೋಡ್_ಡೀಟೇಲಿಂಗ್:

ಪೂರ್ತಿ ಹಚ್ಚಿ. ಬೇಡ ಅಂತ ಮೊದಲು ಹೇಳಿದ್ದು ಪೂರ್ತಿ ಕಪ್ಪಗೇ ಉಳಿದ ಭಾಗಕ್ಕೆ. ಅರ್ಧಕ್ಕೆ ಹಚ್ಚಿದರೆ ನಡುವೆ ಗೆರೆ ಕಾಣುತ್ತದೆ, ಕೆಳಗಿನದೂ ಇನ್ನು ಒಂದೆರಡು ಬೇಸಿಗೆಗೆ ಮೇಲಿನದರ ಹಾಗೇ ಆಗುತ್ತದೆ.

ಡಿಗ್ರೀಸರ್ ಹೊಡೆದು ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ, ನೊರೆ ಕಂದು ಬಣ್ಣ ಬರೋದು ನಿಲ್ಲುವವರೆಗೂ. ಆಮೇಲೆ ನೀರು ಚಿಮುಕಿಸಿ ನೋಡಿ. ನೀರು ಹನಿ ಹನಿಯಾಗಿ ನಿಂತರೆ ಹಳೆ ಎಣ್ಣೆ ಇನ್ನೂ ಇದೆ, ಮತ್ತೆ ತೊಳೆಯಿರಿ. ಹಾಳೆಯಂತೆ ಹರಡಿಕೊಂಡರೆ ಸ್ವಚ್ಛ ಆಯಿತು. ಪೂರ್ತಿ ಒಣಗಬೇಕು, ಸ್ಕ್ರೂ ಸಂದಿಯ ನೀರು ಕೂಡ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಂದು ಸಲ ಒರೆಸಿ. ಅದು ಬೇಗ ಬೆಂಕಿ ಹಿಡಿಯುವ ಮಾಲು, ಬೀಡಿ ಸಿಗರೇಟು ದೂರ ಇರಲಿ.

ಬಿಳಿ ಬಾಡಿ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕಪ್ಪು ಬಣ್ಣ ಬೆರೆತ ಕೋಟಿಂಗ್ ಆದರೆ ಬಿಳಿ ಮೇಲೆ ಬಿದ್ದದ್ದು ಸುಲಭಕ್ಕೆ ಹೋಗಲ್ಲ, ಕೈಗೆ ಗ್ಲೌಸ್ ಬೇಕು. ಬೆಳಿಗ್ಗೆ ಬಿಸಿಲು ಏರೋ ಮುಂಚೆ ನೆರಳಲ್ಲಿ ಮಾಡಿ. ಪ್ಲಾಸ್ಟಿಕ್ ಮುಟ್ಟಿದರೆ ತಣ್ಣಗಿರಬೇಕು, ಬಿಸಿ ಇದ್ದರೆ ಹಚ್ಚುತ್ತಿದ್ದಂತೆ ಒಣಗಿ ಪಟ್ಟೆ ಪಟ್ಟೆ ಬೀಳುತ್ತದೆ. ತೆಳ್ಳಗೆ ಎರಡು ಕೈ ಹಚ್ಚೋದು ದಪ್ಪಗೆ ಒಂದು ಕೈಗಿಂತ ಯಾವಾಗಲೂ ಮೇಲು. ಶೆಡ್ ಇಲ್ಲ ಅಂದ್ರಿ, ಹಾಗಾದರೆ ಗಾಳಿ ಧೂಳು ಇರೋ ದಿನ ಬೇಡ. ಮತ್ತೆ ವಾಷಿಂಗ್ ಸೆಂಟರ್‌ನವರಿಗೆ ಬಂಪರ್ ಮೇಲೆ ಡೀಸೆಲ್ ಹೊಡೆಯಬೇಡಿ ಅಂತ ಮೊದಲೇ ಹೇಳಿಬಿಡಿ.

ರಬ್ಬರ್‌ಗೆ ಕೋಟಿಂಗ್ ಬೇಡ, ಅದು ಮಡಚುತ್ತದೆ, ಕೋಟಿಂಗ್ ಒಡೆಯುತ್ತದೆ.

ಬೀದರ್_ಪೇಂಟರ್:

ರಬ್ಬರ್‌ಗೆ ಡೀಸೆಲ್, ಮಾಮೂಲಿ ಗ್ರೀಸ್, ಎಂಜಿನ್ ಆಯಿಲ್ ಯಾವುದೂ ಬೇಡ ತಮ್ಮಾ. ಬಾಗಿಲ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್, ಪೆಟ್ರೋಲಿಯಂ ಎಣ್ಣೆ ಹತ್ತಿದರೆ ಉಬ್ಬಿ ಮೆತ್ತಗಾಗುತ್ತದೆ. ಸೋಪ್ ನೀರಲ್ಲಿ ಒರೆಸಿ, ಒಣಗಿಸಿ, ಸಿಲಿಕಾನ್ ಗ್ರೀಸ್ ಇಲ್ಲಾ ಮೆಡಿಕಲ್ ಶಾಪಿನ ಗ್ಲಿಸರಿನ್ ತೆಳ್ಳಗೆ ಹಚ್ಚು. ಆದರೆ ಈ ಸಿಲಿಕಾನ್ ಕೆಲಸ ಬಂಪರ್ ಕೋಟಿಂಗ್ ಮುಗಿದ ಮೇಲೆ ಇಟ್ಟುಕೋ, ಮುಂಚೆ ಅಲ್ಲ. ಈಗಾಗಲೇ ಸೀಳಿದ ಬೀಡಿಂಗ್ ಏನು ಹಚ್ಚಿದರೂ ಕೂಡಲ್ಲ, ಅದನ್ನು ಬದಲಾಯಿಸು, ಜೂನ್ ಬರೋಕೆ ಮುಂಚೆ. ಗಾಜು ಮೇಲೆ ಕೆಳಗೆ ಓಡಾಡುವ ಚಾನೆಲ್‌ಗೆ ಮಾತ್ರ ಗ್ಲಿಸರಿನ್ ಬೇಡ, ಅಲ್ಲಿ ಧೂಳು ಹಿಡಿದು ಗಾಜಿಗೆ ಗೀರು ಬೀಳುತ್ತದೆ. ಅಲ್ಲಿಗೆ ಒಣಗುವ ಸಿಲಿಕಾನ್ ಸ್ಪ್ರೇ ಸಾಕು.