‘ಹೆಪ್ಪು’ ಅಂದರೆ ಸಾಕಾ? ಹಾಲಿನ ಯೀಸ್ಟು ಮತ್ತು ಅದರ ಕಿಣ್ವಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಡೈರಿಗೆ ಹಾಲು ಹಾಕುವ ರೈತರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹಾಲಿನಲ್ಲಿ ಬೆಳೆಯುವ ಯೀಸ್ಟುಗಳಿಂದ ಕಾರ್ಖಾನೆಗಳು ಏನೇನು ಮಾಡುತ್ತವೆ ಅನ್ನೋದು ವಿಷಯ. ಬರವಣಿಗೆ ಪದಗಳ ಹತ್ತಿರ ಬಂದು ನಿಂತಿದೆ.

ಮೊದಲ ಕರಡಿನಲ್ಲಿ ಹೀಗಿತ್ತು: ‘ಹಾಲಿಗೆ ಲ್ಯಾಕ್ಟೇಸ್ ಎಂಬ ಹೆಪ್ಪು ಹಾಕಿ ಒಂದು ದಿನ ತಣ್ಣಗೆ ಇಟ್ಟರೆ ಹಾಲಿನ ಸಕ್ಕರೆ ಒಡೆಯುತ್ತದೆ.’ ಅಮ್ಮನಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ‘ಹೆಪ್ಪು ಹಾಕಿದ್ಮೇಲೆ ಮೊಸರಾಗಲ್ವೇನೇ? ಹಾಲು ಹಾಲಾಗೇ ಹೇಗಿರುತ್ತೆ?’ ಅಂದರು. ಅಲ್ಲಿಗೆ ಆ ವಾಕ್ಯ ಹೊಡೆದು ಹಾಕಿದೆ.

ಅಮ್ಮ ಹೇಳಿದ್ದು ಸರಿ. ಹೆಪ್ಪಿಗೆ ಜೀವ ಇದೆ. ಪಕ್ಕದ ಮನೆಯಿಂದ ಒಂದು ಚಮಚ ತಂದರೆ ವರ್ಷಗಟ್ಟಲೆ ಮನೆಯಲ್ಲಿ ಮೊಸರು. ಲ್ಯಾಕ್ಟೇಸಿಗೆ ಜೀವವಿಲ್ಲ. ಅದು ಯೀಸ್ಟಿನ ಜೀವಕೋಶದೊಳಗೆ ತಯಾರಾಗುವ ಒಂದು ಪ್ರೋಟೀನು. ಹಾಲಿನ ಸಕ್ಕರೆಯನ್ನು ಗ್ಲೂಕೋಸ್, ಗ್ಯಾಲಕ್ಟೋಸ್ ಎಂದು ಎರಡಾಗಿ ಕತ್ತರಿಸುತ್ತದೆ. ಹಾಲು ಗಟ್ಟಿಯಾಗುವುದಿಲ್ಲ, ಹುಳಿಯಾಗುವುದಿಲ್ಲ, ಸ್ವಲ್ಪ ಸಿಹಿ ಮಾತ್ರ ಜಾಸ್ತಿ ಆಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಈ ಹಾಲು ಆಗಿಬರುತ್ತದೆ.

ಹಾಗಾದರೆ ‘ಕಿಣ್ವ’ ಅನ್ನೋಣವೇ? ಇಂಥ ಕೆಲಸ ಮಾಡುವ ಪ್ರೋಟೀನಿಗೆ, ಅಂದರೆ ಎಂಜೈಮಿಗೆ, ಪಠ್ಯಪುಸ್ತಕದಲ್ಲಿ ಇರುವ ಪದ ಅದೇ. ಆದರೆ ಅದರ ಹಳೆಯ ಅರ್ಥ ನೋಡಿ. ಸಂಸ್ಕೃತದಲ್ಲಿ ಕಿಣ್ವ ಅಂದರೆ ಹೆಂಡ ಹುದುಗಿಸಲು ಹಾಕುತ್ತಿದ್ದ ಮುದ್ದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಅದನ್ನು ಮಾಡುವ ಕ್ರಮವೇ ಇದೆ: ಉದ್ದು, ಅಕ್ಕಿ, ಜೊತೆಗೆ ಒಂದಿಷ್ಟು ಬೇರು ನಾರು. ಉದ್ದು ಅಕ್ಕಿ ಅಂದ ಕೂಡಲೇ ನಮ್ಮ ದೋಸೆ ಹಿಟ್ಟು ನೆನಪಾಗುತ್ತದೆ, ಅಲ್ವಾ? ಅಂದರೆ ಇವತ್ತು ನಾವು ಯೀಸ್ಟು ಅನ್ನುವುದಕ್ಕೇ ಹತ್ತಿರದ ಪದ ಅದಾಗಿತ್ತು. ಎಂಜೈಮ್ ಅನ್ನುವ ಪದದ ಹುಟ್ಟೂ ಹೀಗೇ. 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಗ್ರೀಕಿನಿಂದ ಕಟ್ಟಿದ ಪದ. ಅರ್ಥ ‘ಯೀಸ್ಟಿನೊಳಗೆ’ ಅಂತ. ಎಂಜೈಮಿಗೆ ಕಿಣ್ವ ಅಂತ ಆರಿಸಿದವರ ಕಿವಿ ಚೆನ್ನಾಗಿತ್ತು ಅಂತಲೇ ನನ್ನ ಅನಿಸಿಕೆ. ಆದರೆ ಯೀಸ್ಟಿಗೆ ಆಗಬಹುದಾಗಿದ್ದ ಪದ ಎಂಜೈಮಿನ ಪಾಲಾಯಿತು.

ಈ ಗೊಂದಲ ಚೀಸಿನ ಹತ್ತಿರ ಬಂದರೆ ಇನ್ನೂ ಜಾಸ್ತಿ. ಚೀಸಿಗೆ ಹಾಲು ಗಟ್ಟಿ ಮಾಡಲು ಹಿಂದೆ ಎಳೆಗರುವಿನ ನಾಲ್ಕನೇ ಹೊಟ್ಟೆಯಿಂದ ರೆನೆಟ್ ತೆಗೆಯುತ್ತಿದ್ದರು. ಅದರಲ್ಲಿ ಕೆಲಸ ಮಾಡುವ ಕಿಣ್ವ ಕೈಮೋಸಿನ್. ಹಾಲೆಂಡಿನ ಡೆಲ್ಫ್ಟ್ ಊರಿನ ಗಿಸ್ಟ್ ಬ್ರೊಕೇಡ್ಸ್ ಕಂಪನಿ ಕರುವಿನಲ್ಲಿ ಈ ಕಿಣ್ವ ತಯಾರಾಗಲು ಕಾರಣವಾದ ಜೀನನ್ನು ಕ್ಲುವೆರೋಮೈಸಿಸ್ ಲ್ಯಾಕ್ಟಿಸ್ ಎಂಬ ಹಾಲಿನ ಯೀಸ್ಟಿಗೆ ಸೇರಿಸಿತು. 1980ರ ದಶಕದ ಕೊನೆಗೆ ಆ ಕೈಮೋಸಿನ್ ಮಾರಾಟಕ್ಕೆ ಬಂತು. ಡಚ್ ಭಾಷೆಯಲ್ಲಿ ‘ಗಿಸ್ಟ್’ ಅಂದರೇ ಯೀಸ್ಟು. ಆ ಯೀಸ್ಟಿನ ಹೆಸರು ಬಂದಿದ್ದೂ ಡೆಲ್ಫ್ಟ್‌ನಲ್ಲೇ ಪಾಠ ಹೇಳುತ್ತಿದ್ದ ವಿಜ್ಞಾನಿ ಆಲ್ಬರ್ಟ್ ಯಾನ್ ಕ್ಲೈವರ್ ಅವರಿಂದ.

ಇಲ್ಲಿ ಚೀಸಿನೊಳಗೆ ಹೋಗುವುದು ಯೀಸ್ಟಲ್ಲ, ಅದು ತಯಾರಿಸಿ ಕೊಟ್ಟ ಕೈಮೋಸಿನ್ ಅಷ್ಟೇ. ಇದಕ್ಕೆ ‘ಯೀಸ್ಟ್ ಹೆಪ್ಪು’ ಅಂದರೆ ತಪ್ಪಾಗುತ್ತದೆ. ‘ಹೆಪ್ಪುಗಿಣ್ವ’ ಅಂತ ಬರೆದರೆ ಹೇಗೆ? ಹೆಪ್ಪುಗಟ್ಟಿಸುವ ಕಿಣ್ವ ಅನ್ನುವ ಅರ್ಥ ಬರುತ್ತದೆ. ಆದರೆ ಬಾಯಲ್ಲಿ ಹೇಳುವಾಗ ‘ಗಿಣ್ಣ’ ಅಂತ ಕೇಳಿಸಿ ಗಿಣ್ಣು ನೆನಪಾಗುತ್ತದೆ. ಚೀಸಿಗೇ ಗಿಣ್ಣು ಅಂತ ಬರೆಯುವವರೂ ಇದ್ದಾರೆ. ನಾನಂತೂ ಒಪ್ಪುವುದಿಲ್ಲ. ಗಿಣ್ಣು ಈದ ಹಸುವಿನ ಮೊದಲ ಹಾಲಿನದು, ಬಿಸಿಗೆ ತಾನಾಗೇ ಗಟ್ಟಿಯಾಗುತ್ತದೆ. ಅದಕ್ಕೆ ಹೆಪ್ಪೂ ಬೇಡ, ಕೈಮೋಸಿನ್ನೂ ಬೇಡ.

ಇನ್ನೊಂದು ಪದ ‘ಹಾಲೊಡಕು’. ಚೀಸ್ ಮಾಡಿದ ಮೇಲೆ ಉಳಿಯುವ ನೀರಿಗೆ ಪುಸ್ತಕಗಳಲ್ಲಿ ಹೀಗೆ ಬರೆಯುತ್ತಾರೆ. ಹತ್ತು ಲೀಟರ್ ಹಾಲಿಗೆ ಸುಮಾರು ಒಂಬತ್ತು ಲೀಟರ್ ಇದೇ ಉಳಿಯುತ್ತದೆ, ಹಾಲಿನ ಸಕ್ಕರೆಯೂ ಬಹುಪಾಲು ಇದರಲ್ಲೇ ಇರುತ್ತದೆ. ಬ್ರೆಡ್ಡಿಗೆ ಹಾಕುವ ಯೀಸ್ಟು ಈ ಸಕ್ಕರೆಯನ್ನು ಮುಟ್ಟುವುದಿಲ್ಲ. ಹಾಲಿನ ಯೀಸ್ಟಿಗೆ ಅದೇ ಊಟ. ಐರ್ಲೆಂಡಿನ ಕಾರ್ಕ್ ಕೌಂಟಿಯ ಕಾರ್ಬರಿ ಡೈರಿಯಲ್ಲಿ 1978ರಿಂದ ಈ ನೀರನ್ನು ಹುದುಗಿಸಿ ಆಲ್ಕೋಹಾಲ್ ತೆಗೆಯುತ್ತಿದ್ದಾರೆ. ಇಷ್ಟು ಕೆಲಸಕ್ಕೆ ಬರುವ ವಸ್ತುವಿಗೆ ‘ಒಡಕು’ ಅಂದರೆ ಕೆಟ್ಟುಹೋದ ಹಾಲು ಅಂತ ಓದುವವರಿಗೆ ಅನಿಸೋದಿಲ್ಲವೇ? ತಿಳಿಸಾರು, ಮಜ್ಜಿಗೆಯ ತಿಳಿ ಅಂತ ಹೇಳುವ ನಾವು ‘ಹಾಲುತಿಳಿ’ ಅನ್ನಬಹುದು ಅಂತ ಯೋಚನೆ.

ಸದ್ಯಕ್ಕೆ ಯೀಸ್ಟನ್ನು ಯೀಸ್ಟ್ ಅಂತಲೇ ಬಿಟ್ಟಿದ್ದೇನೆ, ಎಂಜೈಮಿಗೆ ಕಿಣ್ವ. ಇನ್ನು ಲ್ಯಾಕ್ಟೋಸ್, ಲ್ಯಾಕ್ಟೇಸ್ ಎರಡಕ್ಕೂ ಒಂದು ಸ್ವರದ್ದೇ ವ್ಯತ್ಯಾಸ, ಅಚ್ಚಿನಲ್ಲಿ ತಪ್ಪುವುದು ಖಂಡಿತ. ಅದಕ್ಕೇ ಮೊದಲನೆಯದನ್ನು ‘ಹಾಲುಸಕ್ಕರೆ’ ಮಾಡಿದೆ.

ನಿಮ್ಮ ಕಡೆ ದೋಸೆ ಹಿಟ್ಟು ಬೇಗ ಹುದುಗು ಬರಲಿ ಅಂತ ಹಳೇ ಹಿಟ್ಟು ಸ್ವಲ್ಪ ಉಳಿಸಿ ಬೆರೆಸುತ್ತಾರಲ್ಲ, ಅದಕ್ಕೆ ಬೇರೆ ಹೆಸರಿದೆಯೇ? ಹಾಲು ಒಡೆದಾಗ ಮೇಲೆ ನಿಲ್ಲುವ ನೀರಿಗೆ ಏನಂತೀರಿ? ಮಲೆನಾಡು, ಕರಾವಳಿ, ಧಾರವಾಡ ಕಡೆಯವರು ಮನೆಯಲ್ಲಿ ಹಿರಿಯರನ್ನು ಕೇಳಿ ದಯವಿಟ್ಟು ಬರೆಯಿರಿ. ಯಾವ ಊರು ಅಂತಲೂ ಸೇರಿಸಿ.