ಪದಚರ್ಚೆ: ಕೋವಿ ‘ಕೂರುವುದು’, ಚಿಲಕ, ಕುದುರೆ, ಜೊತೆಗೆ ‘ಟ್ರಯಲ್ ಅಂಡ್ ಎರರ್’ಗೆ ಕನ್ನಡ ಏನು?

ಗೆಳೆಯರಿಗೆ ನಮಸ್ಕಾರ,

ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬಲ್ಲವರು ಕೈ ಹಿಡಿದು ಎಳೆಯಬೇಕು.

ನನ್ನ ಭಾವಮೈದುನ ಅಮೆರಿಕದ ಐಡಹೋದಲ್ಲಿದ್ದಾನೆ. ಅವನ ಪಕ್ಕದ ಮನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅಲ್ಲಿ ಬೇಟೆಗೆ ಲೈಸೆನ್ಸ್ ಉಂಟು, ಕಾಲ ಉಂಟು. ಎಲ್ಕ್ ಬೇಟೆಗೆಂದು ತಮಗೆ ಬೇಕಾದ ಹಾಗೆ ಒಂದು ರೈಫಲ್ ಕಟ್ಟಿಕೊಳ್ಳಲು ಹೊರಟು, ಮೂರು ವರ್ಷ ಕೆಡಿಸಿ ಕೆಡಿಸಿ ಕೊನೆಗೆ ಸರಿ ಮಾಡಿಕೊಂಡ ಕಥೆಯನ್ನು ಇಪ್ಪತ್ತು ಪುಟ ಬರೆದಿದ್ದಾರೆ. (ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡ ನೆಂಟ.) ಭಾವಮೈದುನನಿಗೆ ಅದು ಬಹಳ ಹಿಡಿಸಿತು. ಅಲ್ಲಿನ ಕನ್ನಡ ಕೂಟದ ಸಂಚಿಕೆಗೆ ಕನ್ನಡಕ್ಕೆ ತಂದುಕೊಡು ಎಂದ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಕೋವಿ ಇತ್ತು. ಪದಗಳಿಗೇನು ಬರ, ಕೊಡು ಮಾಡ್ತೀನಿ ಎಂದುಬಿಟ್ಟೆ.

ಮೊದಲ ಪುಟದಲ್ಲೇ ಮುಗ್ಗರಿಸಿದೆ.

‘ಕಸ್ಟಮ್ ರೈಫಲ್’ ಎಂಬುದಕ್ಕೆ ‘ಹೇಳಿ ಮಾಡಿಸಿದ ರೈಫಲ್’ ಎಂದು ಬರೆದು ಬೀಗಿದೆ. ‘ಹೇಳಿ ಮಾಡಿಸಿದ ಹಾಗಿದೆ’ ಅನ್ನುವುದಕ್ಕಿಂತ ಒಳ್ಳೆಯ ಮಾತು ಇದಕ್ಕೆ ಎಲ್ಲಿ ಸಿಗುತ್ತೆ? ಆದರೆ ಎರಡು ಪುಟ ದಾಟುವಷ್ಟರಲ್ಲಿ ತಪ್ಪು ಗೊತ್ತಾಯಿತು. ಇವರು ಯಾರಿಗೂ ಹೇಳಿಲ್ಲ, ಯಾರ ಕೈಲೂ ಮಾಡಿಸಿಲ್ಲ. ತಾವೇ ಮಾಡಿಕೊಂಡಿದ್ದಾರೆ. ಸದ್ಯಕ್ಕೆ ‘ಕೈಯಾರೆ ಕಟ್ಟಿದ’ ಎಂದು ಇಟ್ಟಿದ್ದೇನೆ. ಆಕ್ಷೇಪ ಇದ್ದರೆ ಹೇಳಿ.

ಇನ್ನು ಕೋವಿ, ಬಂದೂಕು, ತುಪಾಕಿ. ಮೂರರಲ್ಲಿ ಮನೆಯ ಮಗ ಕೋವಿ ಒಂದೇ. ಕೊಳವೆ, ಕೊಳವಿ, ಕೋವಿ ಎಲ್ಲ ಒಂದೇ ಬಳ್ಳಿಯ ಕಾಯಿ. ಅಡುಗೆಮನೆಯ ಊದುಗೊಳವೆಗೂ ಜಗಲಿಯ ಗೋಡೆಯಲ್ಲಿ ತೂಗುತ್ತಿದ್ದ ಕೋವಿಗೂ ಹೆಸರು ಬಂದದ್ದು ಒಂದೇ ತೂತಿನಿಂದ! ಬಂದೂಕು ಅರಬಿಯ ಬುಂದುಕ್. ಅದು ಮೊದಲಿಗೆ ಒಂದು ಕಾಯಿಯ ಹೆಸರು, ಹೇಜಲ್‌ನಟ್ ಅಂತಾರಲ್ಲ ಅದು. ಆಮೇಲೆ ಕಾಯಿಯಂಥ ಗುಂಡಿಗೆ ಹೆಸರಾಯಿತು, ಆಮೇಲೆ ಗುಂಡು ಹಾರಿಸುವುದಕ್ಕೆ. ತುಪಾಕಿ ತುರ್ಕಿ, ಪಾರಸಿ ಕಡೆಯಿಂದ ಬಂದು ತೆಲುಗಿನಲ್ಲೂ ತಮಿಳಿನಲ್ಲೂ ಹಾಗೇ ನೆಲೆ ನಿಂತಿದೆ. ಕೊಡವರಿಗೆ ತೋಕ್. ಆಯುಧ ಪೂಜೆಯ ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ಸಿಕ್ಕಿಸುವ ಹೂವಿಗೂ ತೋಕ್ ಪೂ ಅಂತಲೇ ಹೆಸರು.

ಆದರೆ ‘ರೈಫಲ್’ ಎಂಬಲ್ಲೆಲ್ಲ ಕೋವಿ ಅನ್ನಬಹುದೇ? ನನಗೆ ಅನುಮಾನ. ರೈಫಲ್ ಎಂಬ ಪದದ ಬೇರೇ ಗೀರು. ನಳಿಗೆಯ ಒಳಗೆ ತಿರುಪಿನ ಹಾಗೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ. ಗುಂಡು ಅದರಲ್ಲಿ ತಿರುಗಿಕೊಂಡು ಹೊರಬಿದ್ದು, ಬುಗುರಿಯಂತೆ ತನ್ನ ಮೇಲೆ ತಾನೇ ನಿಂತು ನೆಟ್ಟಗೆ ಹೋಗುತ್ತೆ. ನಮ್ಮ ಮಲೆನಾಡಿನ ಕೋವಿಗಳ ನಳಿಗೆ ಒಳಗೆಲ್ಲ ನುಣುಪು, ಚರೆ (ಒಂದೇ ಈಡಿಗೆ ಹರಡಿ ಹೋಗುವ ಸಣ್ಣ ಗುಂಡುಗಳು) ಹೊಡೆಯುವಂಥದ್ದು. ನಮ್ಮೂರಿನವರು ‘ಅವರ ಹತ್ರ ಕೋವಿ ಅಲ್ಲ, ರೈಫಲ್ಲೇ ಇತ್ತು’ ಎಂದು ಬೇರೆ ಮಾಡಿಯೇ ಹೇಳುತ್ತಿದ್ದರು. ಹಾಗಾಗಿ ಒಟ್ಟು ವಸ್ತುವಿಗೆ ರೈಫಲ್, ಅದರ ಅಂಗಾಂಗಗಳಿಗೆ ಕೋವಿಯ ಪದ ಎಂದು ನಿಶ್ಚಯಿಸಿದೆ.

ಅಂಗಾಂಗ ಅಂದೆನಲ್ಲ, ಅದು ಸುಮ್ನೆ ಬಂದ ಮಾತಲ್ಲ. ಇಂಗ್ಲಿಷಿನಲ್ಲಿ ರೈಫಲ್‌ನ ತುಂಬ ಮೈಯ ಹೆಸರುಗಳೇ. ಮರದ ಹಿಂಬದಿಗೆ ಕುಂಡೆ, ಅದರ ಮೇಲಿನ ಮೂಲೆಗೆ ಹಿಮ್ಮಡಿ, ಕೆಳಗಿನ ಮೂಲೆಗೆ ಕಾಲ್ಬೆರಳು, ಹಿಡಿಯುವಲ್ಲಿ ಮಣಿಕಟ್ಟು, ಕೆನ್ನೆ ತಾಗುವಲ್ಲಿ ಕೆನ್ನೆ, ನಳಿಗೆಯ ತುದಿಗೆ ಪ್ರಾಣಿಯ ಮೂತಿ. ನಾವು ಮೂತಿ ಅನ್ನುವುದಿಲ್ಲ, ‘ಕೋವಿ ಬಾಯಿ’ ಅನ್ನುತ್ತೇವೆ. ಅಲ್ಲಿಗೆ ಅದು ಸಲೀಸು.

ಕುದುರೆ ಮಾತ್ರ ತೊಂದರೆ ಕೊಡುತ್ತಿದೆ. ಹಳೆಯ ಕೇಪಿನ ಕೋವಿಯಲ್ಲಿ (ಕೇಪು ಅಂದರೆ ಬಡಿದರೆ ಕಿಡಿ ಹಾರುವ ಪುಟ್ಟ ಲೋಹದ ಟೋಪಿ) ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸುವ ಭಾಗ, ಬಿಟ್ಟರೆ ಕೇಪಿನ ಮೇಲೆ ಬಡಿಯುವುದು, ಅದು ಕುದುರೆ. ತಮಿಳಿನಲ್ಲೂ ಅದು ಕುದಿರೈ, ಹಿಂದಿಯಲ್ಲಿ ಘೋಡಾ. ಇಂಗ್ಲಿಷರಿಗೂ ಜರ್ಮನ್ನರಿಗೂ ಅದೇ ಭಾಗ ಹುಂಜ! ಯುರೋಪಿನವರಿಗೆ ಹುಂಜ ಕಂಡಲ್ಲಿ ನಮಗೆ ಕುದುರೆ ಕಂಡಿತು. ಸರಿ. ಆದರೆ ಈಗಿನ ಬರಹಗಳಲ್ಲಿ ಟ್ರಿಗರ್‌ಗೂ ಕುದುರೆ ಅಂತಲೇ ಬರೆಯುತ್ತಾರೆ. ‘ಕುದುರೆ ಎಳೆದ’ ಅಂದರೆ ಹೊಡೆಯಲು ಸಿದ್ಧ ಮಾಡಿಕೊಂಡ ಅಂತಲೋ, ಹೊಡೆದೇಬಿಟ್ಟ ಅಂತಲೋ? ಎರಡರ ನಡುವೆ ಒಂದು ಪ್ರಾಣ ಇದೆ. ನಮ್ಮ ಅಜ್ಜ ಕುದುರೆ ‘ಎತ್ತು’ತ್ತಿದ್ದರು, ಆಮೇಲೆ ಬಿಲ್ಲೋ ನಾಲಿಗೆಯೋ ಏನೋ ಒಂದನ್ನು ‘ಒತ್ತು’ತ್ತಿದ್ದರು. ಆ ಎರಡನೆಯದರ ಹೆಸರು ನೆನಪಿಗೆ ಬರುತ್ತಿಲ್ಲ. ನಿಮ್ಮ ಕಡೆ ಟ್ರಿಗರ್‌ಗೆ ಬೇರೆ ಹೆಸರು ಇದೆಯೇ? ಇದು ನನ್ನ ಮೊದಲನೇ ಪ್ರಶ್ನೆ. ಈ ಹಿರಿಯರ ರೈಫಲ್‌ನಲ್ಲಿ ಹೊರಗೆ ಕಾಣುವ ಕುದುರೆಯೇ ಇಲ್ಲ ಬೇರೆ.

ಅದರಲ್ಲಿರುವುದು ಬೋಲ್ಟ್. ಇದಕ್ಕೆ ನನಗೆ ಕ್ಷಣದಲ್ಲೇ ಪದ ಸಿಕ್ಕಿತು: ಚಿಲಕ. ಅವರು ಆರಿಸಿಕೊಂಡಿದ್ದು 1898ರ ಜರ್ಮನ್ ಮೌಸರ್ ಮಾದರಿಯ ಹಳೇ ಮಿಲಿಟರಿ ರೈಫಲ್‌ನ ಉಕ್ಕಿನ ಭಾಗ. ಎರಡು ಮಹಾಯುದ್ಧಗಳ ನಂತರ ಇಂಥವು ಅಮೆರಿಕದಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಮನೆಯ ಗ್ಯಾರೇಜಿನಲ್ಲಿ ಕೂತು ಅದನ್ನು ಬೇಟೆ ರೈಫಲ್ ಮಾಡಿಕೊಳ್ಳುವುದು ಅಲ್ಲಿ ಒಂದು ಹವ್ಯಾಸವೇ ಆಯಿತು. ಅದರ ಬೋಲ್ಟನ್ನು ನೋಡಿ: ಹಿಡಿಯನ್ನು ಮೇಲಕ್ಕೆತ್ತು, ಹಿಂದಕ್ಕೆಳೆ, ಮುಂದಕ್ಕೆ ನೂಕು, ಕೆಳಕ್ಕೆ ಮಡಚು. ಬಚ್ಚಲುಮನೆ ಬಾಗಿಲಿಗೆ ದಿನಾ ಮಾಡುವುದೇ! ಇಂಗ್ಲಿಷಿನ ಬೋಲ್ಟೂ ಬಾಗಿಲಿನದೇ. ‘ಚಿಲಕ ಹಾಕಿದ, ಉಸಿರು ಬಿಗಿಹಿಡಿದ’ ಎಂದು ಬರೆದೆ. ನನಗೇನೋ ಚೆನ್ನಾಗಿ ಕೇಳಿಸುತ್ತಿದೆ. ಹೆಂಡತಿ ಓದಿ, ‘ಯಾರು ಒಳಗಿಂದ ಬಾಗಿಲು ಹಾಕ್ಕೊಂಡಿದ್ದು?’ ಅಂದಳು.

ತೋಟೆಯ ವಿಷಯ. ಚಿಕ್ಕವನಿದ್ದಾಗ ಮನೆಯಲ್ಲಿ ‘ಕೇಪಿನ ಕೋವಿ’, ‘ತೋಟೆ ಕೋವಿ’ ಎಂಬ ಎರಡು ಮಾತು ಕೇಳುತ್ತಿದ್ದೆ. ತೋಟೆ ಕೋವಿ ಅಂದರೆ ಅಡಿಕೆ ತೋಟಕ್ಕೆ ಕೊಟ್ಟ ಕೋವಿ ಅಂತ ಬಹಳ ದಿನ ನಂಬಿದ್ದೆ. ಲೈಸೆನ್ಸ್ ಪುಸ್ತಕದಲ್ಲಿ ‘ಬೆಳೆ ರಕ್ಷಣೆ’ ಎಂದು ಬರೆದಿರುತ್ತಿತ್ತಲ್ಲ, ನನ್ನ ವಾದಕ್ಕೆ ಸರ್ಕಾರದ ಮುದ್ರೆಯೂ ಇತ್ತು! ತೋಟೆ ಅಂದರೆ ಗುಂಡು, ಮದ್ದು ಒಟ್ಟಿಗೆ ತುಂಬಿದ ಕಾರ್ಟ್ರಿಜ್. ಅದಕ್ಕೆ ಪೇಪರಿನವರು ಕಾಡತೂಸು ಅನ್ನುತ್ತಾರೆ. ಅದು ಪೋರ್ಚುಗೀಸರ ಕಾರ್ತೂಶೋ ಮರಾಠಿ ದಾರಿಯಲ್ಲಿ ಬಂದದ್ದು. ಅದೂ ಪರವಾಗಿಲ್ಲ. ‘ಐದು ಸಜೀವ ಗುಂಡುಗಳು ವಶ’ ಎಂದು ಓದಿದಾಗ ಮಾತ್ರ ಅವಕ್ಕೆ ಮೇವು ಹಾಕಿದರೇ ಎಂದು ಕೇಳಬೇಕು ಅನ್ನಿಸುತ್ತೆ. ‘ಹಾರದ ಗುಂಡು’ ಅಂದರೆ ಆಗೋಲ್ವೇ?

ಹಿರಿಯರು ಬಳಸಿದ ತೋಟೆಯ ಹೆಸರು .35 ವೀಲನ್ (ವಿಲನ್ ಅಲ್ಲ). 1906ರ ಅಮೆರಿಕನ್ ಮಿಲಿಟರಿ ತೋಟೆಯ ಕತ್ತನ್ನು ಅಗಲಿಸಿ 1922ರಲ್ಲಿ ಮಾಡಿದ್ದು. ಹೆಸರು ಟೌನ್ಸೆಂಡ್ ವೀಲನ್ ಎಂಬ ಸೇನಾಧಿಕಾರಿಯದು. ಅರವತ್ತಕ್ಕೂ ಜಾಸ್ತಿ ವರ್ಷ ಯಾವ ಕಂಪನಿಯೂ ಅದನ್ನು ತಯಾರಿಸಲಿಲ್ಲ. ಬೇಕಾದವರು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. 1988ರಲ್ಲಿ ರೆಮಿಂಗ್ಟನ್ ಕಂಪನಿ ಅಂಗಡಿಗೆ ತಂದಿತು. ಹೀಗೆ ಕಂಪನಿಯ ಪಟ್ಟಿಯಲ್ಲಿಲ್ಲದ, ಹವ್ಯಾಸಿಗಳ ತೋಟೆಗೆ ಅವರು ‘ವೈಲ್ಡ್‌ಕ್ಯಾಟ್’ ಅನ್ನುತ್ತಾರೆ. ನನ್ನ ಮೊದಲ ಕರಡಿನಲ್ಲಿ ‘ಕಾಡುಬೆಕ್ಕಿನ ತೋಟೆ’ ಎಂದು ಇದೆ. ನಗಬೇಡಿ, ರಾತ್ರಿ ಹನ್ನೊಂದಾಗಿತ್ತು. ‘ಮನೆಮದ್ದು’ ಎಂಬ ಪದ ಎದುರಿಗೇ ಕೂತಿತ್ತು. ಮದ್ದು ಅಂದರೆ ಕೋವಿಯ ಮದ್ದೂ ಹೌದಲ್ವಾ! ಆದರೆ ಓದುವವರು ಕಷಾಯ ಅಂದುಕೊಂಡಾರು. ಎರಡನೇ ಪ್ರಶ್ನೆ ಇದು.

‘ಶಾಟ್’ಗೆ ಪ್ರಶ್ನೆಯೇ ಇಲ್ಲ, ಈಡು. ಇಷ್ಟು ಚಂದದ ಪದ ಇದ್ದೂ ‘ಹೊಡೆತ’, ‘ಗುಂಡು ಹಾರಿಕೆ’ ಎಂದೆಲ್ಲ ಏಕೆ ಒದ್ದಾಡುತ್ತಾರೋ. ಬಿಡು–ಬೀಡು, ಕೆಡು–ಕೇಡು, ಪಡು–ಪಾಡು, ಹಾಗೆಯೇ ಇಡು–ಈಡು. ಇಡು ಅಂದರೆ ಹಿಂದೆ ಎಸೆ, ಹೊಡೆ ಅಂತಲೂ ಇತ್ತು. ದೇವರ ಮುಂದೆ ಎತ್ತಿ ಬಡಿಯುವ ಈಡುಗಾಯಿಯಲ್ಲಿ ಇರುವುದೂ ಅದೇ. ‘100 ಗಜ ದೂರದಿಂದ ಐದು ಈಡು, ಐದೂ ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು’ ಎಂದು ಬರೆದಿದ್ದೇನೆ. ಮೂಲದಲ್ಲಿ ಒಂದು ಇಂಚು ಚಿಲ್ಲರೆ. ನಮ್ಮ ನಾಣ್ಯ 27 ಮಿಲಿಮೀಟರ್, ಲೆಕ್ಕ ಸರಿಹೋಯಿತು. ಗಜ ಎಂಬಲ್ಲಿ ಮಲೆನಾಡಿನವರು ತುಸು ತಡೆಯಬಹುದು. ನಮ್ಮಲ್ಲಿ ನಳಿಗೆಗೆ ಮದ್ದು ಜಡಿಯುವ ಕಡ್ಡಿಗೂ ಗಜವೇ.

ಈಗ ಅಸಲು ಗಂಟಿಗೆ ಬರುತ್ತೇನೆ. ‘ಬೆಡ್ಡಿಂಗ್’. ಉಕ್ಕಿನ ಭಾಗ ಮರದೊಳಗೆ ಎಲ್ಲೂ ಅಲುಗದೆ, ಎಲ್ಲೂ ಒತ್ತದೆ ಕೂತಿರಬೇಕು. ಹಿರಿಯರ ಮೂರು ವರ್ಷ ಹೋಗಿದ್ದು ಇಲ್ಲೇ. ಮೊದಲ ಸಲ ಬೇಸಿಗೆಯಲ್ಲಿ ವಾಲ್‌ನಟ್ ಮರ ಕೆತ್ತಿ ಕೂರಿಸಿದರು. ಶರತ್ಕಾಲದ ಮಳೆ, ಹಿಮಕ್ಕೆ ಮರ ನೀರು ಕುಡಿದು ಉಬ್ಬಿ ನಳಿಗೆಯನ್ನು ಪಕ್ಕಕ್ಕೆ ಒತ್ತಿತು. ಬೇಸಿಗೆಯಲ್ಲಿ ಗುರಿಗೆ ಬೀಳುತ್ತಿದ್ದ ಈಡು ಬೇಟೆ ಕಾಲಕ್ಕೆ ನಾಲ್ಕು ಇಂಚು ಎಡಕ್ಕೆ. ಎರಡನೇ ಮರ ಒದೆತಕ್ಕೆ ಹಿಂದಿನ ತುದಿಯಲ್ಲಿ ಸೀಳಿತು. ಉಕ್ಕಿನ ಬಾಲದ ಹಿಂದೆ ಕೂದಲೆಳೆಯಷ್ಟು ಜಾಗ ಬಿಡಬೇಕಿತ್ತು, ಬಿಟ್ಟಿರಲಿಲ್ಲ. ಮೂರನೆಯದರಲ್ಲಿ ನಳಿಗೆಯ ಕೆಳಗೆ ಡಾಲರ್ ನೋಟು ತೂರಿಸಿ, ಅದು ಎಲ್ಲೂ ತಡೆಯದೆ ಉದ್ದಕ್ಕೂ ಸರಿದಾಡುವವರೆಗೂ ಹೆರೆದರು. ಆದರೆ ಕುಂಡೆ ಗಿಡ್ಡ ಕತ್ತರಿಸಿಬಿಟ್ಟಿದ್ದರು. ಅದಕ್ಕೆ ರಬ್ಬರ್ ಮೆತ್ತೆ ಹಚ್ಚಿ ಉದ್ದ ಮಾಡಿಕೊಂಡರು.

ಇಷ್ಟಕ್ಕೆಲ್ಲ ‘ಹಾಸಿಗೆ’ ಎಂಬ ಪದ ಹಾಕಿದರೆ ರೈಫಲ್ ಮಲಗಿಬಿಡುತ್ತೆ. ಎರಡು ದಿನ ತಲೆ ಕೆರೆದುಕೊಂಡೆ. ಮೂರನೇ ದಿನ ಪಕ್ಕದ ಮನೆಯಲ್ಲಿ ಆಚಾರ್ರು ಬಾಗಿಲು ಸರಿ ಮಾಡುತ್ತಿದ್ದರು. ಮಳೆಗಾಲಕ್ಕೆ ಉಬ್ಬಿ ಹಿಡಿದುಕೊಂಡಿತ್ತು. ಚೌಕಟ್ಟಿಗೆ ಸೀಮೆಸುಣ್ಣ ಬಳಿದು, ಬಾಗಿಲು ಹಾಕಿ ತೆಗೆದರು. ಬಾಗಿಲ ಅಂಚಿನಲ್ಲಿ ಮೂರು ಕಡೆ ಬಿಳಿ ಹತ್ತಿತ್ತು. ಅಲ್ಲಷ್ಟೇ ಹತ್ತರಿ ಆಡಿಸಿದರು. ಮತ್ತೆ ಬಳಿದು ಮತ್ತೆ ಹಾಕಿದರು. ಈ ಸಲ ಒಂದೇ ಕಡೆ.

‘ಆಯ್ತಾ ಆಚಾರ್ರೇ?’ ಅಂದೆ.

‘ಇಲ್ಲ ಸಾರ್, ಇನ್ನೂ ಕೂತಿಲ್ಲ. ಇಲ್ಲೊಂಚೂರು ಮೈ ಕಚ್ತಾ ಇದೆ.’

ನಾನು ಅಲ್ಲೇ ನಿಂತುಬಿಟ್ಟೆ. ಐಡಹೋದ ಹಿರಿಯರು ಮಾಡಿದ್ದೂ ಇದನ್ನೇ. ಅವರು ಉಕ್ಕಿಗೆ ದೀಪದ ಮಸಿ ಬಳಿದು ಮರಕ್ಕೆ ಒತ್ತುತ್ತಿದ್ದರು. ಕಪ್ಪು ಹತ್ತಿದ ಕಡೆ ಮಾತ್ರ ಹೆರೆಯುತ್ತಿದ್ದರು. ಮಸಿಯೋ ಸುಣ್ಣವೋ, ಅಷ್ಟೇ ವ್ಯತ್ಯಾಸ. ಹಾಗಾಗಿ ಬೆಡ್ಡಿಂಗ್ ಅಂದರೆ ‘ಕೂರಿಸುವುದು’. ಎಲ್ಲೋ ತಾಗಿದರೆ ‘ಮೈ ಕಚ್ಚುವುದು’. ಕ್ರಿಯಾಪದವಾಗಿ ಸೊಗಸಾಗಿ ಓಡುತ್ತಿದೆ. ಆದರೆ ಅಧ್ಯಾಯದ ತಲೆಬರಹಕ್ಕೆ ನಾಮಪದ ಬೇಕು. ‘ಕೂರುವಿಕೆ’ ಸತ್ತ ಪದ. ‘ಕೂರಿಕೆ’ ಅಂದರೆ ಬಯಲುಸೀಮೆಯವರು ಬಿತ್ತನೆ ಕೂರಿಗೆ ಅಂದುಕೊಳ್ಳುತ್ತಾರೆ. ಬಡಗಿಗಳ, ಅಕ್ಕಸಾಲಿಗರ ಮನೆಯವರು ಯಾರಾದರೂ ಇದ್ದರೆ ಹೇಳಿ: ಒಂದರೊಳಗೊಂದು ಸರಿಯಾಗಿ ಕೂತ ಸ್ಥಿತಿಗೆ ನಿಮ್ಮಲ್ಲಿ ಹೆಸರೇನು? ಇದು ಮೂರನೆಯದು.

ಕೊನೆಗೆ, ಆ ಇಪ್ಪತ್ತು ಪುಟದ ಹೆಸರೇ ‘ಟ್ರಯಲ್ ಅಂಡ್ ಎರರ್’. ಬಿ.ಎಡ್. ಓದಿದವರು ತಟ್ಟನೆ ‘ಪ್ರಯತ್ನ ಮತ್ತು ದೋಷ ಕಲಿಕೆ’ ಅನ್ನುತ್ತೀರಿ. ಅದು ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕನ ಬೆಕ್ಕಿನ ಪಾಠ. ಪೆಟ್ಟಿಗೆಯಲ್ಲಿ ಕೂಡಿಹಾಕಿದ ಬೆಕ್ಕು ಪರಚಿ, ಕಚ್ಚಿ, ಹಾರಿ, ಅಕಸ್ಮಾತ್ ಚಿಲಕ ತಪ್ಪಿಸಿ ಹೊರಬಂತು. ಅವನು ಅದನ್ನು ಪ್ರಕಟಿಸಿದ್ದೂ 1898ರಲ್ಲೇ, ನಮ್ಮ ಮೌಸರ್ ವರ್ಷ. ಆದರೆ ಹಿರಿಯರು ಬೆಕ್ಕಿನ ಹಾಗೆ ಪರಚಿಲ್ಲ. ಒಂದು ಸಲಕ್ಕೆ ಒಂದೇ ಕಡೆ ಹೆರೆದು, ಐದು ಈಡು ಹೊಡೆದು, ಗುರಿಗಿಟ್ಟ ಕಾಗದ ನೋಡಿ, ಬರೆದಿಟ್ಟುಕೊಂಡು, ಆಮೇಲೆ ಮುಂದಿನದಕ್ಕೆ ಕೈ ಹಾಕಿದ್ದಾರೆ. ‘ದೋಷ’ ಎಂಬಲ್ಲಿ ತಪ್ಪು ಮಾಡಿದವನ ಪಾಪ ಕಾಣುತ್ತೆ, ಮರದ ಕಪ್ಪು ಗುರುತು ಕಾಣುವುದಿಲ್ಲ.

‘ಹಾಡ್ತಾ ಹಾಡ್ತಾ ರಾಗ’ ಹತ್ತಿರ ಬರುತ್ತೆ, ಆದರೆ ಅಲ್ಲಿ ಕೆಡುವ ಮಾತಿಲ್ಲ. ‘ಕೆಟ್ಟ ಮೇಲೆ ಬುದ್ಧಿ ಬಂತು’ ಅಂದರೆ ಹಂಗಿಸಿದ ಹಾಗಾಗುತ್ತೆ, ಅದರಲ್ಲಿ ಮತ್ತೆ ಮಾಡುವ ಮಾತಿಲ್ಲ. ‘ಮಾಡಿ ನೋಡಿ ತಿದ್ದಿ’ ಎಂದು ಬರೆದು ಇಟ್ಟಿದ್ದೇನೆ. ಭಾವಮೈದುನ ಫೋನಿನಲ್ಲಿ ಕೇಳಿ, ‘ಭಾವ, ಇದು ಅಡುಗೆ ಪುಸ್ತಕದ ಹೆಸರಿನ ಹಾಗಿದೆ’ ಅಂದ. ಆಚಾರ್ರನ್ನೂ ಕೇಳಿದೆ: ‘ಒಂದ್ಸಲಕ್ಕೆ ಸರಿ ಹೋಗ್ದೆ ಮತ್ತೆ ಮತ್ತೆ ಮಾಡ್ತೀರಲ್ಲ, ಅದಕ್ಕೇನಂತೀರಿ?’ ಅವರು ಹತ್ತರಿಯ ಬಾಯಿಗೆ ಸಿಕ್ಕಿದ ಹೆರೆತ ಊದಿ, ‘ಅದಕ್ಕೇನಂತಾರೆ ಸಾರ್, ಕೆಲ್ಸ ಅಂತಾರೆ’ ಅಂದರು.

ತಲೆಬರಹವಾಗಿ ಅದು ಸಾಲದು. ಮುಂದಿನ ಶನಿವಾರದೊಳಗೆ ಪ್ರತಿ ಕಳಿಸಬೇಕು. ಕುದುರೆ, ಕಾಡುಬೆಕ್ಕು, ಕೂರಿಕೆ, ತಲೆಬರಹ: ಯಾವುದಕ್ಕೆ ಉತ್ತರ ಹೊಳೆದರೂ ಒಂದು ಸಾಲು ಹಾಕಿ. ನಿಮ್ಮ ಊರು ಯಾವುದು ಎಂದೂ ಬರೆದರೆ ಒಳ್ಳೆಯದು.